ಕಡಲು ಸೇರುವ ನೀರು ಪೋಲಾಯಿತೆ?

ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಸೇತುವೆ ದಾಟುವಾಗ ಬಸ್ಸಿನಲ್ಲಿ ಕುಳಿತ ಮಗುವೊಂದು 'ನದಿ ಎಲ್ಲಿ?' ಎಂದು ಕೇಳಿದರೆ ದೊಡ್ಡವರಿಗೆ ಉತ್ತರ ಹೇಳುವುದು ಕಷ್ಟ. 2021ರಂಥ ಅಪರೂಪದ ಮಳೆಯ ವರ್ಷಗಳನ್ನು ಬಿಟ್ಟರೆ ಅಲ್ಲಿ ತೋರಿಸಲು ಇರುವುದು ಮರಳು, ಜಾಲಿಯ ಪೊದೆ ಮತ್ತು ಒಂದು ಹೆಸರು ಮಾತ್ರ. ನಂದಿ ಬೆಟ್ಟದ ಸಾಲು ಎಷ್ಟೋ ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಎಲ್ಲವೂ ಈ ಸೀಮೆಯ ಮಕ್ಕಳೇ. ಆದರೆ ತವರಿನಲ್ಲಿಯೇ ಅವು ಬಡಕಲು.

ಇವುಗಳಲ್ಲಿ ಪಾಪಾಗ್ನಿಯ ಹೆಸರು ಕುತೂಹಲ ಹುಟ್ಟಿಸುವಂಥದು. ಮೂಲದಲ್ಲಿ ಅದು 'ಪಾಪಘ್ನಿ', ಅಂದರೆ ಪಾಪವನ್ನು ಕಳೆಯುವವಳು. ಇದೇ ಅರ್ಥದ ಹೆಸರನ್ನು ಹೊತ್ತ ಇನ್ನೊಂದು ನದಿ ನಮ್ಮ ರಾಜ್ಯದಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ. 'ಅಘ' ಎಂದರೂ ಪಾಪವೇ. ಒಬ್ಬಳು ಬಯಲುಸೀಮೆಯ ಬಿಸಿಲಿನಲ್ಲಿ ಬತ್ತಿ ಹೋಗಿದ್ದಾಳೆ. ಇನ್ನೊಬ್ಬಳು ಶಿರಸಿಯ ಕಡೆಯಿಂದ ಇಳಿದು ಸುಮಾರು 120 ಕಿಲೋಮೀಟರು ಹರಿದು, ದಾರಿಯಲ್ಲಿ ಒಂದೂ ಅಣೆಕಟ್ಟು ಕಾಣದೆ, ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತಾಳೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಜನ ಇಂಥ ನದಿಯ ಸುದ್ದಿ ಕೇಳಿದಾಗ ಸಹಜವಾಗಿಯೇ ನಿಟ್ಟುಸಿರು ಬಿಡುತ್ತಾರೆ. 'ಅಷ್ಟೂ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ಪೋಲಾಗುತ್ತದಲ್ಲ!' ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿ, ಸಿಕ್ಕರೂ ಫ್ಲೋರೈಡ್ ಬೆರೆತ ನೀರು, ಹಿಪ್ಪುನೇರಳೆ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹಾಯಿಸಿದ ನೆನಪು ಇವೆಲ್ಲ ಆ ನಿಟ್ಟುಸಿರಿನ ಹಿಂದೆ ಇವೆ. ಅದನ್ನು ತಪ್ಪು ಎನ್ನುವಂತಿಲ್ಲ. ಆದರೆ ಕಡಲು ಸೇರುವ ಹೊತ್ತಿನಲ್ಲಿ ಆ ನೀರು ಏನು ಮಾಡುತ್ತದೆ ಎಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು.

ಕಾಡಿಗೂ ಕಡಲಿಗೂ ನಡುವೆ

ಅಘನಾಶಿನಿ ಎಂಬುದು ನದಿಯ ಹೆಸರೂ ಹೌದು, ನದಿ ಕಡಲು ಸೇರುವಲ್ಲಿ ದಕ್ಷಿಣ ದಡದಲ್ಲಿರುವ ಊರಿನ ಹೆಸರೂ ಹೌದು. ಎದುರು ದಡದಲ್ಲಿ ತದಡಿ, ಅದರಾಚೆ ಗೋಕರ್ಣ. ಮೇಲಕ್ಕೆ ಹೋದಂತೆ ಕಾಗಾಲ, ಹೆಗಡೆ, ಮಾಸೂರು, ಮಾಣಿಕಟ್ಟಾ, ಮಿರ್ಜಾನ್. ತೆಂಗಿನ ತೋಟ, ಕೆಂಪು ಕಲ್ಲಿನ ಗೋಡೆ, ಮನೆಯ ಹಿಂದೆ ಹಿನ್ನೀರು. ಹಾಲಕ್ಕಿ ಒಕ್ಕಲಿಗರು, ಅಂಬಿಗರು, ಹರಿಕಂತ್ರರು, ಪಟಗಾರರು, ನಾಮಧಾರಿಗಳು ತಲೆಮಾರುಗಳಿಂದ ಬದುಕುತ್ತಿರುವ ಸದ್ದುಗದ್ದಲವಿಲ್ಲದ ಊರುಗಳು ಇವು.

ಈ ಊರುಗಳ ಬೆನ್ನಿಗೆ ಘಟ್ಟದ ಕಾಡಿದೆ. ನದಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿ ಜಲಪಾತದ ಸುತ್ತಲಿನ ಪ್ರದೇಶವೂ ಸೇರಿದಂತೆ ಸುಮಾರು 300 ಚದರ ಕಿಲೋಮೀಟರು ಅರಣ್ಯವನ್ನು 2011ರಲ್ಲಿ ಸಿಂಗಳೀಕಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿತು. ಊರುಗಳ ಮುಂದಿರುವ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅದರ ವಿಸ್ತೀರ್ಣ 4801 ಹೆಕ್ಟೇರು. ರಾಜ್ಯದಲ್ಲಿ ಅದಕ್ಕೆ ಮೊದಲು ಈ ಮನ್ನಣೆ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ಹೀಗೆ ಹಿಂದೆ ರಕ್ಷಿತ ಕಾಡು, ಮುಂದೆ ರಕ್ಷಿತ ಅಳಿವೆ, ನಡುವೆ ಜನರ ಬದುಕು.

ಅಳಿವೆಯ ವಿಜ್ಞಾನ

ಅಳಿವೆಯೆಂದರೆ ಸಿಹಿನೀರು ಉಪ್ಪುನೀರು ಕೂಡುವ ಜಾಗ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಚಂದ್ರನ ಚಲನೆಯಿಂದಾಗಿ ಉಬ್ಬರದ ವೇಳೆ ಪ್ರತಿದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಇಲ್ಲಿನ ಮೀನುಗಾರರ ದಿನಚರಿಯನ್ನು ಗಡಿಯಾರ ನಿರ್ಧರಿಸುವುದಿಲ್ಲ, ತಿಥಿ ನಿರ್ಧರಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು.

ನದಿ ಘಟ್ಟದಿಂದ ಹೊತ್ತು ತರುವ ಜೇಡಿಯ ಕಣಗಳು ಎಷ್ಟು ಸಣ್ಣವೆಂದರೆ ಸಿಹಿನೀರಿನಲ್ಲಿ ತಳ ಸೇರುವುದೇ ಇಲ್ಲ. ಅವು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಉಪ್ಪುನೀರು ತಗುಲಿದೊಡನೆ ಕಣಗಳು ಒಂದಕ್ಕೊಂದು ಅಂಟಿ ಗೆಡ್ಡೆಯಾಗಿ ಕೆಳಗೆ ಕೂರುತ್ತವೆ. ಕಾಡಿನ ಎಲೆಗೊಬ್ಬರದ ಸಾರವೂ ಅದರೊಡನೆ ಇರುತ್ತದೆ. ಘಟ್ಟದ ಮೇಲಿನ ಫಲವತ್ತತೆ ಹೀಗೆ ಅಳಿವೆಯ ಕೆಸರಾಗುತ್ತದೆ.

ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೇರೂರುತ್ತವೆ. ಕೆಸರಿನಲ್ಲಿ ಗಾಳಿಯಿಲ್ಲದ್ದರಿಂದ ಅವುಗಳ ಬೇರು ನೆಲದಿಂದ ಮೇಲೆ ಬಂದು ಉಸಿರಾಡುತ್ತದೆ. ಬೀಜ ತಾಯಿಗಿಡದಲ್ಲಿರುವಾಗಲೇ ಮೊಳೆತು, ನಂತರ ಈಟಿಯಂತೆ ಕೆಸರಿಗೆ ಬಿದ್ದು ನಾಟಿಕೊಳ್ಳುತ್ತದೆ. ಆ ಬೇರುಗಳ ಸಂದಿಯಲ್ಲಿ ಕಡಲಿನ ಮೀನು, ಶೆಟ್ಲಿ, ಏಡಿಗಳ ಮರಿಗಳು ಬೆಳೆಯುತ್ತವೆ. ಅಳಿವೆ ಕೆಟ್ಟರೆ ಹೊರಗಿನ ಕಡಲಿನಲ್ಲಿಯೂ ಬಲೆ ಹಗುರವಾಗುತ್ತದೆ.

ಅನ್ನವೂ ಅದೇ ಗದ್ದೆ, ಮೀನೂ ಅದೇ ಗದ್ದೆ

ಹಿನ್ನೀರಿನ ಅಂಚಿನ ತಗ್ಗು ಗದ್ದೆಗಳಿಗೆ ಇಲ್ಲಿ 'ಗಜನಿ' ಎನ್ನುತ್ತಾರೆ. ಮಳೆಗಾಲದಲ್ಲಿ ಮಳೆನೀರು, ನದಿನೀರು ಸೇರಿ ಗದ್ದೆಯ ಉಪ್ಪನ್ನು ತೊಳೆಯುತ್ತದೆ. ಆಗ ಬಿತ್ತುವುದು ಕಗ್ಗ ಎಂಬ ಭತ್ತ. ಅಲ್ಪಸ್ವಲ್ಪ ಉಪ್ಪನ್ನೂ ಕೆಲವು ದಿನಗಳ ನೆರೆಯನ್ನೂ ತಡೆದುಕೊಳ್ಳುವ ತಳಿ ಇದು. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲಿ ಬಿಡುತ್ತಾರೆ. ಬಳಿಕ 'ಜಂತ್ರಡಿ' ಎಂಬ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಮೀನಿನ ಮರಿಗಳೂ ಒಳಗೆ ಬರುತ್ತವೆ. ಕೊಳೆತ ಹುಲ್ಲು ಅವುಗಳಿಗೆ ಆಹಾರ. ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಸಮೀಪದ ಸಾಣಿಕಟ್ಟಾದಲ್ಲಿ ಅದೇ ಉಬ್ಬರದ ನೀರಿನಿಂದ ಉಪ್ಪು ತೆಗೆಯುತ್ತಾರೆ.

ಇಳಿತದ ವೇಳೆಗೆ ಹೆಂಗಸರು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬಳಚು ಹೆಕ್ಕುವುದು ಇಲ್ಲಿನ ನಿತ್ಯದ ನೋಟ. ಬಳಚು ಎಂದರೆ ಎರಡು ಚಿಪ್ಪಿನ ಮೃದ್ವಂಗಿ. ಬಂಡವಾಳವಿಲ್ಲ, ದೋಣಿ ಇಲ್ಲದಿದ್ದರೂ ನಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಈ ಶತಮಾನದ ಮೊದಲ ದಶಕದಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಆಗ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ಈ ಅಳಿವೆಯಲ್ಲಿ ಸಿಗುತ್ತಿತ್ತು. 2300ಕ್ಕೂ ಹೆಚ್ಚು ಮಂದಿ ನೇರವಾಗಿ ಇದನ್ನು ನಂಬಿದ್ದರು. ಎಲ್ಲ ಕಸುಬುಗಳನ್ನು ಕೂಡಿಸಿದರೆ ಈ ಅಳಿವೆ 6000ದಿಂದ 7500 ಕುಟುಂಬಗಳಿಗೆ ಆಸರೆ ಎಂದು ರಾಮ್ಸಾರ್ ಮನ್ನಣೆಯ ವೇಳೆ ಕೇಂದ್ರ ಸರಕಾರ ತಿಳಿಸಿತು. ಅಲ್ಲಿ 66 ಜಾತಿಯ ನೀರುಹಕ್ಕಿಗಳೂ ದಾಖಲಾಗಿವೆ.

ನಿಶ್ಶಬ್ದದ ಬೆಲೆ

ಹೊರಗಿನವರಿಗೆ ಸೊಗಸಾಗಿ ಕಾಣುವ ಈ ಶಾಂತಿ ತಾನಾಗಿ ಉಳಿದದ್ದಲ್ಲ. 1990ರ ದಶಕದಲ್ಲಿ ಗಜನಿಗಳಿಗೆ ವಾಣಿಜ್ಯ ಸೀಗಡಿ ಕೃಷಿ ಬಂತು. ಕೈತುಂಬ ಹಣದ ಆಸೆಗೆ ಕಗ್ಗ ಹಿಂದೆ ಸರಿಯಿತು. ಬಿಳಿಚುಕ್ಕೆ ವೈರಸ್ ರೋಗ ಬಂದಾಗ ಸೀಗಡಿಯೂ ಹೋಯಿತು, ಎಷ್ಟೋ ಗದ್ದೆ ಮತ್ತೆ ಭತ್ತ ಕಾಣಲಿಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಜನರ ವಿರೋಧದ ನಂತರ ಅದು ಕೈಬಿಟ್ಟಿತು. ಬಂದರಿನ ಯೋಜನೆ, ಮರಳು ತೆಗೆಯುವ ಹಾವಳಿ ಇವೂ ಊರಿನವರ ನಿದ್ದೆ ಕೆಡಿಸಿವೆ. ಓದಿದ ಹುಡುಗರು ಬೆಂಗಳೂರು, ಗೋವೆಗಳಿಗೆ ಹೋಗುತ್ತಾರೆ. ಕಟ್ಟೆ ಒಡೆದಾಗ ಮಣ್ಣು ಹೊರಲು ಕೈಗಳು ಸಾಲುವುದಿಲ್ಲ.

ಪಕ್ಕದ ಶರಾವತಿಯ ಉದಾಹರಣೆ ಕಣ್ಣೆದುರೇ ಇದೆ. ಲಿಂಗನಮಕ್ಕಿ, ಗೇರುಸೊಪ್ಪೆ ಅಣೆಕಟ್ಟುಗಳಿಂದ ನಾಡಿಗೆ ವಿದ್ಯುತ್ತು ಸಿಕ್ಕಿತು. ಆದರೆ ವಿದ್ಯುದಾಗಾರದಿಂದ ವರ್ಷವಿಡೀ ಬರುವ ಸಿಹಿನೀರಿನಿಂದ ಅಲ್ಲಿನ ಅಳಿವೆಯ ಲವಣಾಂಶ ಇಳಿಯಿತು. ಉಪ್ಪನ್ನು ಬೇಡುವ ಬಳಚು, ಕಾಂಡ್ಲಾಗಳು ಕ್ಷೀಣಿಸಿದವು. ನೀರು ಕಡಿಮೆಯಾದರೆ ಮಾತ್ರ ಕೇಡಲ್ಲ, ಕಾಲ ತಪ್ಪಿ ಬಂದರೂ ಕೇಡು. ಅಳಿವೆಗೆ ಬೇಕಾದದ್ದು ಮಳೆಗಾಲದ ನೆರೆ ಮತ್ತು ಬೇಸಿಗೆಯ ಬಡಹರಿವು ಎರಡೂ.

ಕೋಡಿಯ ನೀರು ಯಾರದು?

ಈಗ ಬಯಲುಸೀಮೆಯ ನಿಟ್ಟುಸಿರಿಗೆ ಮರಳಬಹುದು. ಪಶ್ಚಿಮಕ್ಕೆ ಹರಿಯುವ ಹಳ್ಳಗಳ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದ ಬಳಿ ಶಂಕುಸ್ಥಾಪನೆಯಾದದ್ದು 2014ರಲ್ಲಿ. ನೀರೆತ್ತುವ ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ನಡುವಿನ ಹತ್ತು ವರ್ಷ ಈ ಜಿಲ್ಲೆಯ ಕೆರೆಗಳಿಗೆ ಬಂದದ್ದು ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು. ಅಘನಾಶಿನಿಯ ನೀರನ್ನೂ ವೇದಾವತಿಯ ಕಡೆಗೆ ಒಯ್ಯುವ ಮಾತು ಈಚೆಗೆ ಕೇಳಿಬಂದಿದೆ, ಮಲೆನಾಡಿನಲ್ಲಿ ಅದಕ್ಕೆ ವಿರೋಧವೂ ಎದ್ದಿದೆ.

ಕುಡಿಯುವ ನೀರು ಬೇಕೆನ್ನುವವರದು ನ್ಯಾಯವಾದ ಬೇಡಿಕೆ. ಬಳಚು, ಕಗ್ಗ ಉಳಿಯಬೇಕೆನ್ನುವವರದೂ ನ್ಯಾಯವೇ. ಎರಡರ ನಡುವೆ ತೂಗಿ ನೋಡುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಏನೂ ಇಲ್ಲವೆಂದು ತಿಳಿಯುವುದು ಮಾತ್ರ ತಪ್ಪು. 'ಪೋಲು' ಎಂಬ ಮಾತು ಹಾಗೆ ತಿಳಿಯುವಂತೆ ಮಾಡುತ್ತದೆ.

ಇದು ಬಯಲುಸೀಮೆಯವರಿಗೆ ಹೊಸ ಪಾಠವೇನಲ್ಲ. ಶಿಡ್ಲಘಟ್ಟ, ಚಿಂತಾಮಣಿಯ ಹಿರಿಯರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಊರವರು ಬಾಗಿನ ಬಿಟ್ಟು ಹಬ್ಬ ಮಾಡುತ್ತಿದ್ದರೇ ಹೊರತು ನೀರು ಪೋಲಾಯಿತೆಂದು ಅಳುತ್ತಿರಲಿಲ್ಲ. ಕೋಡಿಯ ನೀರು ಕೆಳಗಿನ ಊರಿನ ಪಾಲು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಡಲು ಆ ಸರಪಳಿಯ ಕೊನೆಯ ಕೆರೆ. ಅದರ ದಡದಲ್ಲಿಯೂ ಊರಿದೆ, ಇಳಿತಕ್ಕಾಗಿ ಕಾದು ನಿಂತ ಹೆಂಗಸರಿದ್ದಾರೆ, ಅವರ ಬುಟ್ಟಿ ತುಂಬಬೇಕಾಗಿದೆ.