ಪಟ್ಟಣದ ಆಕರ್ಷಣೆಗೂ ಬೆಲೆಯುಂಟು: ಅಮೆರಿಕದ ಕಾಲೇಜು ಪಟ್ಟಣಗಳು ಮತ್ತು ತರಬೇತುದಾರರ ಹುದ್ದೆಗಳು

ಯಾವುದೇ ಹುದ್ದೆಯ ಆಕರ್ಷಣೆಯು ಅದರ ವೇತನವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಕೆಲಸದ ಹಿತ-ಅಹಿತ, ಕಲಿಕೆಯ ವೆಚ್ಚ, ಉದ್ಯೋಗದ ಸ್ಥಿರತೆ, ಹೊರಬೇಕಾದ ಹೊಣೆ ಹಾಗೂ ಯಶಸ್ಸಿನ ಸಂಭವ, ಈ ಐದು ಅಂಶಗಳು ಕೂಲಿಯನ್ನು ಏರಿಳಿಸುತ್ತವೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ವಿವರಿಸಿದ್ದನು. ನಂತರದ ಅರ್ಥಶಾಸ್ತ್ರಜ್ಞರು ಈ ಪಟ್ಟಿಗೆ ಉದ್ಯೋಗದ ಸ್ಥಳವನ್ನೂ ಸೇರಿಸಿದರು. ಜನರು ಒಲ್ಲದ ಊರಿಗೆ ಸಮರ್ಥನನ್ನು ಕರೆತರಬೇಕಾದರೆ ಹೆಚ್ಚು ಹಣ ತೆರಬೇಕು. ಎಲ್ಲರೂ ಬಯಸುವ ಊರಾದರೆ ಸ್ವಲ್ಪ ಕಡಿಮೆ ಕೊಟ್ಟರೂ ಸಾಗುತ್ತದೆ ಎಂಬುದು ಈ ವಾದದ ಸಾರಾಂಶ.

ಖಾಸಗಿ ಕಂಪನಿಗಳಲ್ಲಿ ಈ ವಾದವನ್ನು ಪರೀಕ್ಷಿಸುವುದು ಸುಲಭವಲ್ಲ, ಏಕೆಂದರೆ ಅಲ್ಲಿನ ನೇಮಕಾತಿ ಒಪ್ಪಂದಗಳು ಹೊರಗೆ ಬರುವುದಿಲ್ಲ. ಆದರೆ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ತಂಡಗಳ ಮುಖ್ಯ ತರಬೇತುದಾರರು ಬಹುಮಟ್ಟಿಗೆ ರಾಜ್ಯ ವಿಶ್ವವಿದ್ಯಾಲಯಗಳ ನೌಕರರು. ಅವರ ಒಪ್ಪಂದಗಳು ಸಾರ್ವಜನಿಕ ದಾಖಲೆಗಳಾಗಿ ಪತ್ರಿಕೆಗಳಲ್ಲಿ ಚರ್ಚೆಗೊಳಗಾಗುತ್ತವೆ. ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ವೇತನ ಪಡೆಯುವ ಸರ್ಕಾರಿ ನೌಕರನು ರಾಜ್ಯಪಾಲನಲ್ಲ, ನ್ಯಾಯಾಧೀಶನೂ ಅಲ್ಲ; ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರನು. ಇವರಲ್ಲಿ ಅನೇಕರು ಕೆಲಸ ಮಾಡುವುದು ವಿಶ್ವವಿದ್ಯಾಲಯವನ್ನೇ ಜೀವಾಳವಾಗಿಸಿಕೊಂಡ 'ಕಾಲೇಜು ಪಟ್ಟಣ'ಗಳಲ್ಲಿ. ಊರು ಮತ್ತು ಹುದ್ದೆಯ ನಡುವಿನ ಸಂಬಂಧವನ್ನು ಅರಿಯಬಯಸುವ ಉದ್ಯಮಿಗಳಿಗೆ ಇದೊಂದು ತೆರೆದ ಲೆಕ್ಕದ ಪುಸ್ತಕವೆನ್ನಬಹುದು.

ಊರಿಗಿಂತ ದೊಡ್ಡ ಕ್ರೀಡಾಂಗಣ

ಅಲಬಾಮಾ ರಾಜ್ಯದ ಟಸ್ಕಲೂಸಾ ನಗರದ ಜನಸಂಖ್ಯೆ 2020ರ ಜನಗಣತಿಯಂತೆ 99,600. ಅಲ್ಲಿನ ವಿಶ್ವವಿದ್ಯಾಲಯದ ಕ್ರೀಡಾಂಗಣದ ಆಸನಗಳು 1,00,077. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಪಟ್ಟಣದಲ್ಲಿ ವಾಸಿಸುವವರು ಸುಮಾರು 17,700 ಮಂದಿ. ಕ್ರೀಡಾಂಗಣ ಹಿಡಿಸುವುದು 80 ಸಾವಿರಕ್ಕೂ ಹೆಚ್ಚು ಜನರನ್ನು. ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ 1962ರಿಂದ ಟಿಕೆಟ್ ಉಳಿದ ಪಂದ್ಯವಿಲ್ಲವೆಂಬುದು ಅಲ್ಲಿನವರ ಹೆಮ್ಮೆ. ಪಂದ್ಯದ ದಿನ ಆ ಕ್ರೀಡಾಂಗಣವೇ ರಾಜ್ಯದ ಮೂರನೆಯ ದೊಡ್ಡ ನಗರವಾಗುತ್ತದೆ ಎಂಬ ಮಾತು ಅಲ್ಲಿ ಜನಜನಿತವಾಗಿದೆ.

ಒಂದು ತಂಡಕ್ಕೆ ವರ್ಷದಲ್ಲಿ ತವರಿನಲ್ಲಿ ದೊರೆಯುವುದು ಸಾಮಾನ್ಯವಾಗಿ ಏಳು ಪಂದ್ಯಗಳು ಮಾತ್ರ. ಈ ಏಳು ವಾರಾಂತ್ಯಗಳಲ್ಲಿ ವಸತಿಗೃಹ, ಉಪಾಹಾರ ಗೃಹ, ಪಾನೀಯ ಮಳಿಗೆ ಹಾಗೂ ಉಡುಪಿನ ಅಂಗಡಿಗಳು ಗಳಿಸುವ ವರಮಾನವು ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳಿಲ್ಲದೆ ಬಣಗುಟ್ಟುವ ತಿಂಗಳುಗಳ ಕೊರತೆಯನ್ನು ತುಂಬಿಕೊಡುತ್ತದೆ. ಹೀಗಿರುವಾಗ ತರಬೇತುದಾರನ ನೇಮಕವು ವಿಶ್ವವಿದ್ಯಾಲಯದ ಆಂತರಿಕ ವಿಚಾರವಾಗಿ ಉಳಿಯುವುದಿಲ್ಲ. ಅದು ಊರಿನ ವರ್ತಕ ಸಮುದಾಯದ ವಿಚಾರವೂ ಆಗುತ್ತದೆ.

ಮೂರು ಬಗೆಯ ಊರುಗಳು

ತರಬೇತುದಾರನ ದೃಷ್ಟಿಯಿಂದ ಈ ಊರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ದೊಡ್ಡ ನಗರಗಳಿಂದ ದೂರವಿರುವ ಅಪ್ಪಟ ಕಾಲೇಜು ಪಟ್ಟಣ. ಪೆನ್ಸಿಲ್ವೇನಿಯಾದ ನಡುಭಾಗದಲ್ಲಿರುವ ಸ್ಟೇಟ್ ಕಾಲೇಜ್, ಅಯೋವಾದ ಏಮ್ಸ್, ಕಾನ್ಸಾಸ್‌ನ ಮ್ಯಾನ್‌ಹ್ಯಾಟನ್, ಮಿಸಿಸಿಪಿಯ ಆಕ್ಸ್‌ಫರ್ಡ್ ಇದಕ್ಕೆ ಉದಾಹರಣೆಗಳು. ಇಲ್ಲಿ ಮನೆಗಳ ಬೆಲೆ ಕಡಿಮೆ, ಓಡಾಟ ಸುಲಭ, ತಂಡಕ್ಕೆ ಊರಿನ ಪೂರ್ಣ ಬೆಂಬಲವಿರುತ್ತದೆ. ಆದರೆ ವಿಮಾನ ಸೌಕರ್ಯ ಮಿತವಾಗಿದ್ದು, ಪತಿ ಅಥವಾ ಪತ್ನಿಗೆ ತಕ್ಕ ಉದ್ಯೋಗ ದೊರೆಯುವುದು ಕಷ್ಟ. ಪ್ರತಿಭಾವಂತ ಆಟಗಾರರಿರುವ ಪ್ರೌಢಶಾಲೆಗಳೂ ದೂರ.

ಎರಡನೆಯದು, ರಾಜ್ಯದ ರಾಜಧಾನಿಯೂ ಆಗಿರುವ ವಿಶ್ವವಿದ್ಯಾಲಯ ನಗರ. ಟೆಕ್ಸಾಸ್‌ನ ಆಸ್ಟಿನ್, ವಿಸ್ಕಾನ್ಸಿನ್‌ನ ಮ್ಯಾಡಿಸನ್, ಓಹಾಯೋದ ಕೊಲಂಬಸ್, ಲೂಸಿಯಾನಾದ ಬ್ಯಾಟನ್ ರೂಜ್ ಈ ಬಗೆಯವು. ಇಲ್ಲಿ ಸರ್ಕಾರಿ ಕಚೇರಿಗಳು, ಆಸ್ಪತ್ರೆಗಳು, ಇತರ ಉದ್ಯಮಗಳು ಇರುವುದರಿಂದ ಕುಟುಂಬಕ್ಕೆ ಅವಕಾಶಗಳು ಹೆಚ್ಚು. ರಾಜ್ಯದ ರಾಜಕಾರಣಿಗಳ ಕಣ್ಣೂ ತಂಡದ ಮೇಲೆಯೇ ಇರುತ್ತದೆಯೆಂಬುದು ಇದರ ಇನ್ನೊಂದು ಮುಖ.

ಮೂರನೆಯದು ಮಹಾನಗರ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು ತನ್ನ ಆವರಣದಿಂದ 40 ಕಿಲೋಮೀಟರಿಗೂ ದೂರದ ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ದಶಕಗಳಿಂದ ಆಡುತ್ತ ಬಂದಿತು. ಹವೆ, ಶಾಲೆ, ವಿಮಾನ ನಿಲ್ದಾಣ, ಆಟಗಾರರ ಲಭ್ಯತೆ ಎಲ್ಲವೂ ಇಲ್ಲಿ ಉತ್ತಮ. ಆದರೆ ವೃತ್ತಿಪರ ತಂಡಗಳೂ ನೂರಾರು ಮನರಂಜನೆಗಳೂ ಇರುವ ನಗರದಲ್ಲಿ ಕಾಲೇಜು ತಂಡ ಸೋತರೆ ಸಿಟ್ಟಾಗುವವರು ಕಡಿಮೆ, ಗೆದ್ದರೆ ಹಣ ಕೊಡುವವರೂ ಕಡಿಮೆ.

ತೆರಿಗೆಯ ಲೆಕ್ಕಾಚಾರ

ಊರಿನ ಆಕರ್ಷಣೆಯಲ್ಲಿ ಅಂಕಿಗಳಿಂದ ಅಳೆಯಬಹುದಾದ ಅಂಶವೆಂದರೆ ರಾಜ್ಯ ಆದಾಯ ತೆರಿಗೆ. ಅಮೆರಿಕದಲ್ಲಿ ಕೇಂದ್ರ ತೆರಿಗೆಯ ಜೊತೆಗೆ ಬಹುತೇಕ ರಾಜ್ಯಗಳು ಪ್ರತ್ಯೇಕವಾಗಿ ಆದಾಯ ತೆರಿಗೆ ವಿಧಿಸುತ್ತವೆ. ಟೆಕ್ಸಾಸ್, ಫ್ಲಾರಿಡಾ ಹಾಗೂ ಟೆನ್ನೆಸೀ ರಾಜ್ಯಗಳಲ್ಲಿ ವೇತನದ ಮೇಲೆ ಇಂಥ ತೆರಿಗೆಯಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಶೇ. 3.07, ಅಲಬಾಮಾದಲ್ಲಿ ಗರಿಷ್ಠ ಶೇ. 5, ಆರೆಗಾನ್‌ನಲ್ಲಿ ಗರಿಷ್ಠ ಶೇ. 9.9 ಹಾಗೂ ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ ಶೇ. 13.3 ದರವಿದೆ. ವರ್ಷಕ್ಕೆ ಒಂದು ಕೋಟಿ ಡಾಲರ್ ಪಡೆಯುವ ತರಬೇತುದಾರನಿಗೆ ಲಾಸ್ ಏಂಜಲೀಸ್ ಮತ್ತು ಆಸ್ಟಿನ್ ನಡುವಿನ ವ್ಯತ್ಯಾಸವು ಇದೊಂದರಿಂದಲೇ ಸುಮಾರು 13 ಲಕ್ಷ ಡಾಲರ್ ಆಗುತ್ತದೆ. 2017ರ ತೆರಿಗೆ ಸುಧಾರಣಾ ಕಾನೂನಿಗೆ ಮೊದಲು ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಕೇಂದ್ರ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಹೆಚ್ಚಿನ ಅವಕಾಶವಿತ್ತು. ಆ ಕಾನೂನು ಇಷ್ಟು ದೊಡ್ಡ ಆದಾಯದವರಿಗೆ ಈ ಕಡಿತವನ್ನು 10 ಸಾವಿರ ಡಾಲರಿಗೆ ಸೀಮಿತಗೊಳಿಸಿದ್ದರಿಂದ ಊರುಗಳ ನಡುವಿನ ಅಂತರ ಇನ್ನಷ್ಟು ಎದ್ದು ಕಾಣುವಂತಾಯಿತು.

ಹಾಗಾದರೆ ಉತ್ತಮ ತರಬೇತುದಾರರೆಲ್ಲರೂ ತೆರಿಗೆಯಿಲ್ಲದ, ಸುಖಕರವಾದ ಊರುಗಳಿಗೆ ಹೋಗಬೇಕಾಗಿತ್ತು. ವಾಸ್ತವದಲ್ಲಿ ಹಾಗಾಗಲಿಲ್ಲ. ಈ ವಿಷಯದಲ್ಲಿ ಟಸ್ಕಲೂಸಾದ ಉದಾಹರಣೆ ಅತ್ಯಂತ ಬೋಧಪ್ರದವಾಗಿದೆ.

ಟಸ್ಕಲೂಸಾದ ಪಾಠ

ನಿಕ್ ಸೇಬನ್ 2005 ಮತ್ತು 2006ರಲ್ಲಿ ವೃತ್ತಿಪರ ತಂಡವಾದ ಮಯಾಮಿ ಡಾಲ್ಫಿನ್ಸ್‌ನ ಮುಖ್ಯ ತರಬೇತುದಾರರಾಗಿದ್ದರು. ಮಯಾಮಿ ಕಡಲತೀರದ ಮಹಾನಗರ; ಫ್ಲಾರಿಡಾದಲ್ಲಿ ರಾಜ್ಯ ಆದಾಯ ತೆರಿಗೆಯಿಲ್ಲ. ಅದನ್ನು ಬಿಟ್ಟು ಅವರು 2007ರ ಜನವರಿಯಲ್ಲಿ, ಆದಾಯ ತೆರಿಗೆ ಇರುವ ಅಲಬಾಮಾದ ಟಸ್ಕಲೂಸಾಕ್ಕೆ ಬಂದರು. ಎಂಟು ವರ್ಷಗಳಿಗೆ ಸುಮಾರು 3.2 ಕೋಟಿ ಡಾಲರಿನ ಆ ಒಪ್ಪಂದ ಅಂದಿನ ಕಾಲಕ್ಕೆ ಬೆರಗು ಹುಟ್ಟಿಸುವಂತಹದಾಗಿತ್ತು. 2024ರ ಜನವರಿಯಲ್ಲಿ ನಿವೃತ್ತರಾಗುವವರೆಗೆ ಅವರು ಅದೇ ಊರಿನಲ್ಲಿ ಉಳಿದು ಆರು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟರು.

2006ರಲ್ಲಿ ಸುಮಾರು 24 ಸಾವಿರವಿದ್ದ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ ಒಂದು ದಶಕದೊಳಗೆ 37 ಸಾವಿರ ದಾಟಿತು. ಅರ್ಧಕ್ಕಿಂತ ಹೆಚ್ಚಿನವರು ಹೊರರಾಜ್ಯದವರು, ಅಂದರೆ ಹೆಚ್ಚಿನ ದರದ ಶುಲ್ಕಕ್ಕೆ ಒಳಪಡುವವರು. ಆದರೆ ಈ ಬೆಳವಣಿಗೆಯನ್ನು ಪೂರ್ತಿಯಾಗಿ ಫುಟ್‌ಬಾಲಿನ ಖಾತೆಗೆ ಜಮಾ ಮಾಡುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಕ್ರಮವಲ್ಲ. ಅಂದಿನ ಅಧ್ಯಕ್ಷ ರಾಬರ್ಟ್ ವಿಟ್ ಅವರು 2003ರಲ್ಲಿ ಅಧಿಕಾರ ವಹಿಸಿಕೊಂಡಾಗಲೇ ವಿದ್ಯಾರ್ಥಿಗಳ ಸಂಖ್ಯೆಯನ್ನು ಹೆಚ್ಚಿಸುವ ಯೋಜನೆಗೆ ಚಾಲನೆ ನೀಡಿದ್ದರು. ಪ್ರತಿಭಾವಂತರಿಗೆ ಉದಾರವಾದ ವಿದ್ಯಾರ್ಥಿವೇತನಗಳನ್ನೂ ನೀಡಲಾಗುತ್ತಿತ್ತು. ತಂಡದ ಗೆಲುವು ಈ ಯೋಜನೆಗೆ ದೇಶವ್ಯಾಪಿ ಜಾಹೀರಾತಾಗಿ ಒದಗಿತೆಂಬುದು ಹೆಚ್ಚು ನ್ಯಾಯವಾದ ಮಾತು.

ಇದರಿಂದ ಸ್ಪಷ್ಟವಾಗುವುದೆಂದರೆ, ತರಬೇತುದಾರನು ಊರನ್ನು ಅಳೆಯುವ ಮಾನದಂಡ ಪ್ರವಾಸಿಗನ ಮಾನದಂಡವಲ್ಲ. 'ಈ ಊರಿನಲ್ಲಿ ಗೆಲ್ಲಲು ಬೇಕಾದ ಸಾಮಗ್ರಿ ಇದೆಯೇ? ಊರು ಈ ಕೆಲಸದ ಹಿಂದೆ ನಿಂತಿದೆಯೇ?' ಎಂಬುದೇ ಅವನ ಮೊದಲ ಪ್ರಶ್ನೆ. ಬೇರೆ ಆಕರ್ಷಣೆಗಳಿಲ್ಲದ ಊರು ತನ್ನೆಲ್ಲ ಹಣ, ಗಮನ ಮತ್ತು ಅಭಿಮಾನವನ್ನು ಒಂದೇ ತಂಡದ ಮೇಲೆ ಹೂಡುತ್ತದೆ. ಸಾಮಾನ್ಯ ಉದ್ಯೋಗದಲ್ಲಿ ಕೊರತೆಯೆನಿಸುವ ಅಂಶವೇ ಈ ಉದ್ಯೋಗದಲ್ಲಿ ಬಂಡವಾಳವಾಗುತ್ತದೆ.

ಆಕ್ಸ್‌ಫರ್ಡ್‌ನಿಂದ ಬ್ಯಾಟನ್ ರೂಜ್‌ಗೆ

2025ರ ನವೆಂಬರ್ 30ರಂದು ನಡೆದ ಬದಲಾವಣೆಯೊಂದು ಈ ವಿಚಾರದ ಇನ್ನೊಂದು ಮಗ್ಗುಲನ್ನು ತೋರಿಸಿತು. ಮಿಸಿಸಿಪಿ ವಿಶ್ವವಿದ್ಯಾಲಯದ ತರಬೇತುದಾರ ಲೇನ್ ಕಿಫಿನ್, ತಂಡವು ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಹಂತದ ಪಂದ್ಯಗಳ ಹೊಸ್ತಿಲಲ್ಲಿದ್ದಾಗಲೇ ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಹುದ್ದೆಯನ್ನು ಒಪ್ಪಿಕೊಂಡರು. ಆಕ್ಸ್‌ಫರ್ಡ್ ಸುಮಾರು 25 ಸಾವಿರ ಜನರ ಪಟ್ಟಣ; ಸಾಹಿತಿ ವಿಲಿಯಂ ಫಾಕ್ನರ್ ಅವರ ಮನೆಯಿಂದಲೂ, ನ್ಯಾಯಾಲಯದ ಸುತ್ತಲಿನ ಹಳೆಯ ಪೇಟೆಯಿಂದಲೂ, ಪಂದ್ಯದ ದಿನ ಡೇರೆಗಳಿಂದ ತುಂಬುವ ಮರದ ತೋಪಿನಿಂದಲೂ ಪ್ರಸಿದ್ಧವಾದುದು. ಚೆಲುವಿನಲ್ಲಿ ಬ್ಯಾಟನ್ ರೂಜ್ ಅದನ್ನು ಮೀರಿಸುತ್ತದೆಂದು ಹೇಳುವವರು ವಿರಳ.

ಆದರೆ ಕಸುಬಿನ ಲೆಕ್ಕ ಬೇರೆಯೇ. ಲೂಸಿಯಾನಾದ ಜನಸಂಖ್ಯೆ ಸುಮಾರು 46 ಲಕ್ಷವಿದ್ದು, ಅಗ್ರ ಲೀಗುಗಳಲ್ಲಿ ಆಡುವ ದೊಡ್ಡ ವಿಶ್ವವಿದ್ಯಾಲಯ ಅಲ್ಲಿ ಒಂದೇ. ಮಿಸಿಸಿಪಿಯ ಸುಮಾರು 29 ಲಕ್ಷ ಜನರ ನಡುವೆ ಅಂತಹ ವಿಶ್ವವಿದ್ಯಾಲಯಗಳು ಎರಡಿದ್ದು, ಸ್ಥಳೀಯ ಆಟಗಾರರಿಗಾಗಿ ಅವೆರಡೂ ಪೈಪೋಟಿ ನಡೆಸಬೇಕಾಗುತ್ತದೆ. ಅಲ್ಲದೆ ಮಿಸಿಸಿಪಿಯ ಕಾನೂನು ಇಂತಹ ಸರ್ಕಾರಿ ಒಪ್ಪಂದಗಳನ್ನು ನಾಲ್ಕು ವರ್ಷಗಳಿಗೆ ಮಿತಿಗೊಳಿಸುತ್ತದೆ. ಲೂಸಿಯಾನಾ ನೀಡಿದ್ದು ಏಳು ವರ್ಷಗಳ, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರಿನ ಒಪ್ಪಂದ. ಊರು ಕೊಡುವ ಸುಖವನ್ನು ಒಪ್ಪಂದದ ಅವಧಿ ಹಾಗೂ ಕಚ್ಚಾವಸ್ತುವಿನ ಸಾಮೀಪ್ಯ ಹಿಂದೆ ಹಾಕಿದವು. ಕಾರ್ಖಾನೆಯ ಸ್ಥಳವನ್ನು ಆಯ್ಕೆಮಾಡುವ ಉದ್ಯಮಿಗೆ ಈ ತರ್ಕ ಅಪರಿಚಿತವೇನಲ್ಲ.

ಅಢಾವೆ ಪತ್ರಿಕೆಯಲ್ಲಿ ಕಾಣದ ಹೊಣೆ

ಊರಿನ ಈ ಏಕಾಗ್ರ ಅಭಿಮಾನಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದೇ ಉದ್ಯಮವನ್ನು ನಂಬಿದ ಊರು ತಾಳ್ಮೆಯನ್ನು ಬೇಗ ಕಳೆದುಕೊಳ್ಳುತ್ತದೆ. ಇದನ್ನು ಬಲ್ಲ ತರಬೇತುದಾರರು ಅವಧಿಗೆ ಮುನ್ನ ತೆಗೆದುಹಾಕಿದರೆ ಉಳಿದ ವರ್ಷಗಳ ವೇತನವನ್ನು ಪರಿಹಾರವಾಗಿ ನೀಡಬೇಕೆಂಬ ಷರತ್ತನ್ನು ಮೊದಲೇ ಬರೆಸಿಕೊಳ್ಳುತ್ತಾರೆ.

ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್ ಪಟ್ಟಣದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು 2017ರ ಡಿಸೆಂಬರಿನಲ್ಲಿ ಜಿಂಬೋ ಫಿಶರ್ ಅವರನ್ನು ಹತ್ತು ವರ್ಷಗಳಿಗೆ 7.5 ಕೋಟಿ ಡಾಲರಿಗೆ ನೇಮಿಸಿಕೊಂಡಿತು. 2021ರಲ್ಲಿ ಒಪ್ಪಂದವನ್ನು ವಿಸ್ತರಿಸಲಾಯಿತು. 2023ರ ನವೆಂಬರಿನಲ್ಲಿ ಅವರನ್ನು ತೆಗೆದಾಗ ಕೊಡಬೇಕಾಗಿ ಬಂದ ಪರಿಹಾರ 7.6 ಕೋಟಿ ಡಾಲರಿಗೂ ಹೆಚ್ಚು. ಮೂಲ ಒಪ್ಪಂದದ ಒಟ್ಟು ಮೊತ್ತಕ್ಕಿಂತ ಅಧಿಕ! 2025ರ ಅಕ್ಟೋಬರಿನಲ್ಲಿ ಲೂಸಿಯಾನಾ ವಿಶ್ವವಿದ್ಯಾಲಯವು ಬ್ರಯಾನ್ ಕೆಲ್ಲಿ ಅವರನ್ನು ತೆಗೆದಾಗ ಈ ಹೊಣೆ ಸುಮಾರು 5.4 ಕೋಟಿ ಡಾಲರ್ ಆಗಿತ್ತು. ಅದೇ ತಿಂಗಳು ಪೆನ್ ಸ್ಟೇಟ್ ವಿಶ್ವವಿದ್ಯಾಲಯವು ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಕೈಬಿಟ್ಟಾಗ ಸುಮಾರು 4.9 ಕೋಟಿ ಡಾಲರಿನ ಹೊಣೆ ಎದುರಾಯಿತು. ಆದರೆ ಬೇರೆ ಹುದ್ದೆ ದೊರೆತರೆ ಪರಿಹಾರ ಇಳಿಯಬೇಕೆಂಬ ಷರತ್ತು ಅಲ್ಲಿದ್ದುದರಿಂದ, ಅವರು ಮರುತಿಂಗಳೇ ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ಉದ್ಯೋಗ ಹಿಡಿದಾಗ ಆ ಮೊತ್ತ ಸುಮಾರು 90 ಲಕ್ಷ ಡಾಲರಿಗೆ ಇಳಿಯಿತು. ಫಿಶರ್ ಅವರ ಒಪ್ಪಂದದಲ್ಲಿ ಇಂತಹ ಷರತ್ತು ಇರಲಿಲ್ಲ. ಒಂದು ವಾಕ್ಯದ ವ್ಯತ್ಯಾಸವು ಕೋಟಿಗಟ್ಟಲೆ ಡಾಲರುಗಳ ವ್ಯತ್ಯಾಸವಾಯಿತು.

ಈ ಪರಿಹಾರದ ಹಣ ಬಹುಮಟ್ಟಿಗೆ ಕ್ರೀಡಾ ವಿಭಾಗದ ಆದಾಯ ಮತ್ತು ದಾನಿಗಳಿಂದ ಬರುತ್ತದೆ. ಆ ಮೂಲಗಳ ಮೇಲೆ ಈಗ ಹೊಸ ಭಾರವೂ ಬಿದ್ದಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯದ ಅನುಮೋದನೆ ಪಡೆದ ಒಪ್ಪಂದದಂತೆ ವಿಶ್ವವಿದ್ಯಾಲಯಗಳು 2025-26ನೇ ಸಾಲಿನಲ್ಲಿ ಸುಮಾರು 2.05 ಕೋಟಿ ಡಾಲರುಗಳವರೆಗೆ ಆಟಗಾರರಿಗೇ ನೇರವಾಗಿ ಹಂಚಬಹುದಾಗಿದೆ. ಮಹಾನಗರದ ಅಥವಾ ಸಿರಿವಂತ ಹಳೆಯ ವಿದ್ಯಾರ್ಥಿಗಳುಳ್ಳ ವಿಶ್ವವಿದ್ಯಾಲಯಗಳಿಗೆ ಇದು ಸಾಧ್ಯ. ದೊಡ್ಡ ದಾನಿಗಳಿಲ್ಲದ ಸಣ್ಣ ಪಟ್ಟಣಗಳಿಗೆ ಕಷ್ಟ.

ವರ್ತಕರ ಪಾಲಿನ ನಷ್ಟ

ತರಬೇತುದಾರನಿಗೆ ಪರಿಹಾರದ ಷರತ್ತಿದೆ. ಊರಿನ ಅಂಗಡಿಯವನಿಗೆ ಅದಿಲ್ಲ. 2020ರ ಆಗಸ್ಟಿನಲ್ಲಿ ಕೋವಿಡ್ ಕಾರಣದಿಂದ 'ಬಿಗ್ ಟೆನ್' ಲೀಗ್ ಪಂದ್ಯಗಳನ್ನು ಮುಂದೂಡಿತು. ಅಕ್ಟೋಬರಿನಲ್ಲಿ ಆಟ ಆರಂಭವಾದರೂ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಆನ್ ಆರ್ಬರ್, ಸ್ಟೇಟ್ ಕಾಲೇಜ್, ಅಯೋವಾ ಸಿಟಿ ಮುಂತಾದ ಊರುಗಳ ವಸತಿಗೃಹಗಳು ಆ ವರ್ಷದ ಮುಖ್ಯ ವರಮಾನವನ್ನೇ ಕಳೆದುಕೊಂಡವು. ಏಳು ದಿನಗಳ ಮೇಲೆ ವರ್ಷವನ್ನು ನಿಲ್ಲಿಸಿದ ವ್ಯಾಪಾರದ ದೌರ್ಬಲ್ಯ ಅಂದು ಬಯಲಾಯಿತು.

ದೀರ್ಘಕಾಲ ನೆಲೆನಿಂತವರ ಉದಾಹರಣೆಗಳೂ ಇಲ್ಲದಿಲ್ಲ. ಕಿರ್ಕ್ ಫೆರೆಂಟ್ಸ್ 1999ರಲ್ಲಿ ಅಯೋವಾ ಸಿಟಿಯ ತಂಡದ ಹೊಣೆ ಹೊತ್ತು ಕಾಲು ಶತಮಾನವನ್ನು ದಾಟಿದರು. ಬಿಲ್ ಸ್ನೈಡರ್ ಕಾನ್ಸಾಸ್‌ನ ಮ್ಯಾನ್‌ಹ್ಯಾಟನ್‌ನಂತಹ ಸಣ್ಣ ಊರಿನಲ್ಲಿ 1989ರಿಂದ 2005ರವರೆಗೆ ಹಾಗೂ ಮತ್ತೆ 2009ರಿಂದ 2018ರವರೆಗೆ ದುಡಿದು, ದೇಶದ ಅತಿ ದುರ್ಬಲ ತಂಡಗಳಲ್ಲಿ ಒಂದೆನಿಸಿದ್ದುದನ್ನು ಮೇಲೆತ್ತಿದರು. ಎರಡೂ ಕಡೆ ಆಡಳಿತವು ಸೋಲಿನ ವರ್ಷಗಳನ್ನು ಸಹಿಸಿಕೊಂಡಿತೆಂಬುದು ಗಮನಾರ್ಹ. ಸಣ್ಣ ಊರು ದೊಡ್ಡ ಊರಿಗಿಂತ ಅಗ್ಗವಾಗಿ ನೀಡಬಲ್ಲ ಒಂದೇ ವಸ್ತುವೆಂದರೆ ಕಾಲಾವಕಾಶ. ಅದನ್ನೂ ನಿರಾಕರಿಸಿದ ಊರು ಆ ಕೊರತೆಯನ್ನು ಡಾಲರುಗಳಲ್ಲಿ ತುಂಬಿಕೊಡಬೇಕಾಗುತ್ತದೆ.

ರಾಜಧಾನಿಯಿಂದ ದೂರದ ಜಿಲ್ಲಾ ಕೇಂದ್ರಗಳಲ್ಲಿ ಕಾರ್ಖಾನೆ, ಆಸ್ಪತ್ರೆ ಅಥವಾ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ನಮ್ಮ ನಾಡಿನ ಉದ್ಯಮಿಗಳಿಗೂ ಹಿರಿಯ ಅಧಿಕಾರಿಗಳ ನೇಮಕದಲ್ಲಿ ಇದೇ ಪ್ರಶ್ನೆಗಳು ಎದುರಾಗುತ್ತವೆ. ವೇತನವನ್ನು ಏರಿಸುವ ಮೊದಲು ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು: ಕೆಲಸಕ್ಕೆ ಬೇಕಾದ ಸಾಧನ ಮತ್ತು ಸಿಬ್ಬಂದಿ ಊರಿನಲ್ಲಿ ದೊರೆಯುತ್ತವೆಯೇ, ಕುಟುಂಬದವರ ಉದ್ಯೋಗ ಮತ್ತು ಶಿಕ್ಷಣಕ್ಕೆ ಏರ್ಪಾಡಿದೆಯೇ, ಫಲಿತಾಂಶಕ್ಕೆ ಸಾಕಷ್ಟು ಕಾಲಾವಕಾಶವನ್ನು ಲಿಖಿತವಾಗಿ ನೀಡಲಾಗಿದೆಯೇ. ಇದರ ಜೊತೆಗೆ ಒಪ್ಪಂದವನ್ನು ಮುರಿಯುವ ವೆಚ್ಚವನ್ನು ಸಹಿ ಹಾಕುವ ದಿನವೇ ಲೆಕ್ಕ ಹಾಕಿ, ಸಂಭಾವ್ಯ ಹೊಣೆಗಾರಿಕೆಯೆಂದು ಆಡಳಿತ ಮಂಡಳಿಯ ಮುಂದಿರಿಸುವುದು ವಿವೇಕದ ಕ್ರಮ. ಕಾಲೇಜ್ ಸ್ಟೇಷನ್‌ನಲ್ಲಿ ಹೆಚ್ಚಿನ ಬೆಲೆ ತೆರಬೇಕಾಗಿ ಬಂದದ್ದು ವೇತನಕ್ಕಲ್ಲ, ಆತುರದಿಂದ ಮಾಡಿದ ವಿಸ್ತರಣೆಗೆ.