ಶೇಂಗಾ ಹೊಲದ ಜಿಪ್ಸಂ, ಬೋರ್‌ವೆಲ್ ನೀರಿನ ಫ್ಲೋರೈಡ್

ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಸುತ್ತಲಿನ ಶೇಂಗಾದಿಂದ. ಹತ್ತಿರದ ದೊಡ್ಡಉಳ್ಳಾರ್ತಿ ಗ್ರಾಮದ ಹೆಸರು ದೂರದವರ ಕಿವಿಗೆ ಬಿದ್ದದ್ದು ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಮೀನು ಕೊಟ್ಟಾಗ. ಈ ಸೀಮೆಯ ಮನೆಗಳಿಗೆ ರಸಾಯನಶಾಸ್ತ್ರ ಅದಕ್ಕೂ ಬಹಳ ಮೊದಲೇ ಬಂದಿದೆ. ಗೊಬ್ಬರದ ಚೀಲದ ಮೇಲೆ ಅದರ ಹೆಸರು ಅಚ್ಚಾಗಿರುತ್ತದೆ, ಕೊಳವೆಬಾವಿ ನೀರಿನ ಪರೀಕ್ಷಾ ವರದಿಯಲ್ಲಿ ಅದರ ಲೆಕ್ಕ ಇರುತ್ತದೆ. ಎರಡನ್ನೂ ಓದಲು ಹೈಸ್ಕೂಲಿನ ವಿಜ್ಞಾನವೇ ಸಾಕು.

ಶೇಂಗಾದ ಹೂವು ಫಲಿಸಿದ ಮೇಲೆ ಅದರ ಬುಡದಿಂದ ಕಡ್ಡಿಯೊಂದು ಮಣ್ಣಿಗಿಳಿದು ಅಲ್ಲೇ ಕಾಯಿ ಕಟ್ಟುತ್ತದೆ. ಆ ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಎಲೆಗೆ ಹೋಗಿ ತಿರುಗಿ ಇಳಿದು ಬರುವುದಿಲ್ಲ. ಸುತ್ತಲಿನ ಮಣ್ಣಿನಿಂದ ಕಾಯಿಯೇ ನೇರವಾಗಿ ಹೀರಿಕೊಳ್ಳಬೇಕು. ಸಿಗದಿದ್ದರೆ ಕಾಯಿ ಜೊಳ್ಳಾಗುತ್ತದೆ. ಹಾಗಾಗಿಯೇ ಹೆಕ್ಟೇರಿಗೆ 500 ಕಿಲೋ, ಅಂದರೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಕೊಡಿ ಎಂಬ ಶಿಫಾರಸು.

ಜಿಪ್ಸಂ ಎಂದರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಎರಡು ಧನ ಆವೇಶದ ಅಯಾನು ಆಗಿರುತ್ತದೆ. ಒಂದು ಗಂಧಕ, ನಾಲ್ಕು ಆಮ್ಲಜನಕ ಕೂಡಿದ ಸಲ್ಫೇಟ್ ಗುಂಪಿಗೆ ಎರಡು ಋಣ ಆವೇಶ. ಜಮಾ ಎರಡು, ಖರ್ಚು ಎರಡು, ಉಳಿಕೆ ಸೊನ್ನೆ. ಅಯಾನಿಕ ಸಂಯುಕ್ತಗಳ ಸೂತ್ರವೆಲ್ಲ ನಿಂತಿರುವುದು ಈ ಸೊನ್ನೆಯ ಮೇಲೆ. ಕ್ಯಾಲ್ಸಿಯಂಗೆ ಸಿಎ, ಗಂಧಕಕ್ಕೆ ಎಸ್, ಆಮ್ಲಜನಕಕ್ಕೆ ಒ, ಜಲಜನಕಕ್ಕೆ ಎಚ್ ಎಂದಿಟ್ಟುಕೊಂಡರೆ ಸೂತ್ರ: ಸಿಎ ಎಸ್‌ಒ₄·2 ಎಚ್₂ಒ. ತೂಕ ಕೂಡಿ ನೋಡಿದರೆ ಶುದ್ಧ ಜಿಪ್ಸಂನ 100 ಕಿಲೋದಲ್ಲಿ ಕ್ಯಾಲ್ಸಿಯಂ ಸುಮಾರು 23 ಕಿಲೋ, ಗಂಧಕ 18 ಕಿಲೋಗಿಂತ ತುಸು ಹೆಚ್ಚು, ನೀರು ಸುಮಾರು 21 ಕಿಲೋ. ಮುಟ್ಟಿದರೆ ಒಣಪುಡಿ, ಆದರೂ ಐದನೇ ಒಂದು ಪಾಲು ನೀರು!

ಆ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಜೇಬಿಗೆ ನಷ್ಟವಾಗುತ್ತದೆ. ಅಂಗಡಿಯಲ್ಲಿ ಸತುವಿನ ಸಲ್ಫೇಟ್ ಎರಡು ಬಗೆ ಸಿಗುತ್ತದೆ, ಒಂದರ ಚೀಲದ ಮೇಲೆ ಸತು 21%, ಇನ್ನೊಂದರ ಮೇಲೆ 33%. ಸತುವೂ ಸಲ್ಫೇಟೂ ಎರಡರಲ್ಲೂ ಅವೇ. ಮೊದಲನೆಯದರಲ್ಲಿ ಪ್ರತಿ ಸತು ಅಯಾನಿಗೆ ಏಳು ನೀರಿನ ಅಣು, ಎರಡನೆಯದರಲ್ಲಿ ಒಂದೇ. ಬೆಲೆ ಕೇಳುವ ಮುಂಚೆ ಈ ಅಂಕಿ ನೋಡಬೇಕು.

ಇಂಥ ಸಂಯುಕ್ತಗಳಿಗೆ ಹೆಸರಿಡುವ ಪದ್ಧತಿ 1787ರಷ್ಟು ಹಳೆಯದು. ರಸಾಯನಶಾಸ್ತ್ರಜ್ಞ ಲಾವಾಸಿಯೆ ಮತ್ತು ಅವನ ಮೂವರು ಸಂಗಡಿಗರು ಪ್ಯಾರಿಸಿನಲ್ಲಿ ಆ ವರ್ಷ ಪ್ರಕಟಿಸಿದ ಪುಸ್ತಕ ಇದಕ್ಕೆ ತಳಹದಿ ಹಾಕಿತು. ಲೋಹದ ಹೆಸರು ಮೊದಲು, ಜೊತೆಗಾರನದು ಆಮೇಲೆ. ಜೊತೆಗಾರ ಒಂಟಿ ಪರಮಾಣುವಾದರೆ ಕೊನೆಗೆ ‘ಐಡ್’: ಕ್ಲೋರೈಡ್, ಫ್ಲೋರೈಡ್. ಆಮ್ಲಜನಕ ಕೂಡಿದ ಗುಂಪಾದರೆ ಹೆಚ್ಚಾಗಿ ‘ಏಟ್’: ಸಲ್ಫೇಟ್, ಫಾಸ್ಫೇಟ್. ಹೆಸರಿನಲ್ಲಿ ಸಂಖ್ಯೆ ಬೇಕಿಲ್ಲ, ಆವೇಶ ಗೊತ್ತಿದ್ದರೆ ಸಂಖ್ಯೆ ತಾನಾಗಿ ಬರುತ್ತದೆ. ಅಲ್ಯೂಮಿನಿಯಂಗೆ ಮೂರು ಧನ, ಸಲ್ಫೇಟಿಗೆ ಎರಡು ಋಣ; ಎರಡೂ ಆರರಲ್ಲಿ ಸಂಧಿಸುತ್ತವೆ. ಹಾಗಾಗಿ ಎಎಲ್₂(ಎಸ್‌ಒ₄)₃. ಆವರಣ ಬಿಟ್ಟು ಬರೆದರೆ ನಲವತ್ತಮೂರು ಆಮ್ಲಜನಕ ಎಂದು ಓದಬೇಕಾಗುತ್ತದೆ.

ಕಬ್ಬಿಣದಂಥ ಲೋಹದ ವಿಷಯ ಬೇರೆ, ಅದಕ್ಕೆ ಎರಡು ವೇಷ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಶೇಂಗಾ ಎಲೆ ಹಳದಿಯಾದಾಗ ಸಿಂಪಡಿಸುವ ಅನ್ನಭೇದಿ ಎಂಬ ಕಬ್ಬಿಣದ ಸಲ್ಫೇಟಿನಲ್ಲಿ ಕಬ್ಬಿಣಕ್ಕೆ ಎರಡು ಆವೇಶ, ಹರಳು ತಿಳಿಹಸಿರು. ಗಾಳಿ-ತೇವಕ್ಕೆ ತೆರೆದಿಟ್ಟರೆ ಮೇಲ್ಮೈ ಹಳದಿಗಂದಾಗುತ್ತದೆ. ಅಲ್ಲಿ ಕಬ್ಬಿಣ ಮೂರು ಆವೇಶಕ್ಕೆ ಏರಿದೆ. ಬರಿದೇ ಕಬ್ಬಿಣದ ಸಲ್ಫೇಟ್ ಎಂದರೆ ಯಾವುದೆಂದು ತಿಳಿಯದು, ಆದ್ದರಿಂದ ಹೆಸರಿನ ಜೊತೆ ಎರಡು ಅಥವಾ ಮೂರು ಎಂಬ ರೋಮನ್ ಅಂಕಿ ಸೇರಿಸುತ್ತಾರೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ನೀರು. ಚಳ್ಳಕೆರೆ, ಮೊಳಕಾಲ್ಮುರು, ಪಕ್ಕದ ಪಾವಗಡದ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಈ ಫ್ಲೋರೈಡ್ ತಳದ ಬಂಡೆಯಲ್ಲಿರುವ ಖನಿಜಗಳಿಂದಲೇ ಕರಗಿ ಬಂದದ್ದು. ಎಷ್ಟು ಕರಗಿ ಉಳಿಯುತ್ತದೆ ಎಂಬುದು ಅದರ ಜೊತೆಗಾರನ ಮೇಲೆ ನಿಂತಿದೆ. ಸೋಡಿಯಂಗೆ ಒಂದೇ ಆವೇಶ, ಹಾಗಾಗಿ ಸೋಡಿಯಂ ಫ್ಲೋರೈಡಿನ ಸೂತ್ರ ಎನ್‌ಎ ಎಫ್. ಅದು ಲೀಟರ್ ನೀರಿನಲ್ಲಿ ಸುಮಾರು 40 ಗ್ರಾಂ ಕರಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್, ಸಿಎ ಎಫ್₂, ಕರಗುವುದು ಸುಮಾರು 16 ಮಿಲಿಗ್ರಾಂ ಮಾತ್ರ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಏರಗೊಡುವುದಿಲ್ಲ. ಮಳೆ ಕಡಿಮೆಯಿರುವ ಈ ಬಯಲಿನಲ್ಲಿ ನೀರು ಕ್ಷಾರವಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಂಟುಗಳಾಗಿ ಮಣ್ಣಿನಲ್ಲೇ ಕೂರುತ್ತದೆ. ಹಿಡಿದಿಡುವವನು ಹೋದ ಮೇಲೆ ಸೋಡಿಯಂ ತುಂಬಿದ ನೀರಿನಲ್ಲಿ ಫ್ಲೋರೈಡ್ ಆರಾಮಾಗಿ ಏರುತ್ತದೆ.

ದೇಹ ಹೊಕ್ಕಮೇಲೂ ಅದು ಹುಡುಕುವುದು ಕ್ಯಾಲ್ಸಿಯಂ ಇರುವ ಜಾಗವನ್ನೇ. ಹಲ್ಲು ಮತ್ತು ಮೂಳೆಯ ಮುಖ್ಯ ಖನಿಜದ ಸೂತ್ರ ಸಿಎ₅(ಪಿಒ₄)₃ಒಎಚ್. ಐದು ಕ್ಯಾಲ್ಸಿಯಂನಿಂದ ಹತ್ತು ಧನ. ಮೂರು ಫಾಸ್ಫೇಟಿನಿಂದ ಒಂಬತ್ತು ಋಣ, ಒಂದು ಹೈಡ್ರಾಕ್ಸೈಡಿನಿಂದ ಇನ್ನೊಂದು. ಫ್ಲೋರೈಡಿಗೂ ಒಂದೇ ಋಣ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹೈಡ್ರಾಕ್ಸೈಡಿನ ಜಾಗದಲ್ಲಿ ಅದು ಸಲೀಸಾಗಿ ಕೂರುತ್ತದೆ, ಲೆಕ್ಕ ಕೆಡುವುದಿಲ್ಲ. ಸ್ವಲ್ಪವಾದರೆ ಹಲ್ಲಿಗೆ ಬಲ. ಮಿತಿ ಮೀರಿದ್ದನ್ನು ಮಕ್ಕಳು ಎಳವೆಯಿಂದ ಕುಡಿದರೆ ಹಲ್ಲಿನ ಮೇಲ್ಪದರ ಸರಿಯಾಗಿ ಗಟ್ಟಿಯಾಗದೆ ಕಂದು ಕಲೆ ಹಿಡಿಯುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ-ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಿದವರಿದ್ದಾರೆ. ದಯವಿಟ್ಟು ನಂಬಬೇಡಿ, ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನೂ ಹೆಚ್ಚುತ್ತದೆ.

ಊರಿನ ನೀರಿನ ವರದಿ ಕೈಗೆ ಸಿಕ್ಕರೆ ಅದರಲ್ಲಿ ಸೋಡಿಯಂ ಫ್ಲೋರೈಡ್ ಎಂಬ ಸಾಲು ಇರುವುದಿಲ್ಲ. ಕರಗಿದ ಮೇಲೆ ಅಯಾನುಗಳು ಜೋಡಿ ಬಿಟ್ಟು ಬಿಡಿಬಿಡಿಯಾಗಿ ಓಡಾಡುವುದರಿಂದ ಕ್ಯಾಲ್ಸಿಯಂ, ಸೋಡಿಯಂ, ಫ್ಲೋರೈಡ್ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಫ್ಲೋರೈಡಿನ ಅಂಕಿ 1.5 ದಾಟಿದ್ದರೆ ಆ ನೀರು ಕುಡಿಯುವುದಕ್ಕೂ ಅಡುಗೆಗೂ ಬೇಡ. ಆಮೇಲೆ ಕ್ಯಾಲ್ಸಿಯಂ ಮತ್ತು ಸೋಡಿಯಂ ಸಾಲುಗಳನ್ನು ನೋಡಿ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು ಇದ್ದರೆ ಫ್ಲೋರೈಡ್ ಏಕೆ ಏರಿದೆ ಎಂಬುದಕ್ಕೆ ಕಾರಣ ಅದೇ ಹಾಳೆಯಲ್ಲಿದೆ.