ಶಿಫ್ಟ್ 2 ಒತ್ತಿದರೆ @ ಬರ್ತಿಲ್ವಾ? ಕೀಬೋರ್ಡ್ ಕೆಟ್ಟಿಲ್ಲ

ಕೂಡ್ಲಿಗಿ: ಪಾಸ್‌ವರ್ಡ್ ಸರಿಯಾಗೇ ಹೊಡೆದರೂ ತಪ್ಪು ಅಂತ ಬರ್ತಿದ್ದರೆ, ಮತ್ತೆ ಹೊಡೆಯುವ ಮುಂಚೆ ನೋಟ್‌ಪ್ಯಾಡ್ ತೆರೆದು ಶಿಫ್ಟ್ ಜೊತೆ 2 ಒತ್ತಿ ನೋಡಿ. @ ಬದಲು " ಬಂದರೆ ಕಂಪ್ಯೂಟರ್ ಬ್ರಿಟಿಷ್ ಲೇಔಟ್‌ನಲ್ಲಿದೆ ಎಂದರ್ಥ.

ಕೊಟ್ಟೂರಿರಲಿ, ಹಡಗಲಿಯಿರಲಿ, ಅಂಗಡಿಯಲ್ಲಿ ಸಿಗುವ ಕೀಬೋರ್ಡ್ ಮೇಲೆ ಸಾಮಾನ್ಯವಾಗಿ ಅಚ್ಚಾಗಿರೋದು ಅಮೆರಿಕನ್ ಲೇಔಟ್. ಆದರೆ ಯಾವ ಗುರುತು ಬರಬೇಕು ಅಂತ ತೀರ್ಮಾನಿಸೋದು ಅಚ್ಚಲ್ಲ, ವಿಂಡೋಸ್. ಸಿಸ್ಟಮ್ ಹಾಕಿದವರು ಯುನೈಟೆಡ್ ಕಿಂಗ್‌ಡಮ್ ಇಂಗ್ಲಿಷ್ ಆರಿಸಿದ್ದರೆ @ ಮತ್ತು " ಅದಲುಬದಲು. ಶಿಫ್ಟ್ 3ಕ್ಕೆ # ಹೋಗಿ £ ಬರುತ್ತೆ. # ಬೇಕಾದರೆ ಎಂಟರ್ ಹತ್ತಿರದ \ ಕೀ ಒತ್ತಬೇಕು. ಪಾಸ್‌ವರ್ಡ್ ಬರೀ ಚುಕ್ಕಿಯಾಗಿ ಕಾಣೋದರಿಂದ ಇದು ಗೊತ್ತೇ ಆಗಲ್ಲ. ನಾಲ್ಕಾರು ಸಲ ತಪ್ಪಿದರೆ ಖಾತೆ ಲಾಕ್ ಆಗಬಹುದು, ಗಿರಾಕಿ ಬೈಯೋದು ಅಂಗಡಿಯವರನ್ನೇ.

ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಇಂಗ್ಲಿಷ್ ಇಂಡಿಯಾ ಸೇರಿಸಿ, ಬ್ರಿಟಿಷ್ ಲೇಔಟ್ ತೆಗೆದುಹಾಕಿ. @ ತನ್ನ ಜಾಗಕ್ಕೆ ಬರುತ್ತೆ. ಬಿಲ್ ಮಾಡುವವರಿಗೆ ಇನ್ನೊಂದು ಅನುಕೂಲ: ಬಲಗಡೆ ಆಲ್ಟ್ ಜೊತೆ 4 ಒತ್ತಿದರೆ ₹. ಬ್ರಿಟಿಷ್ ಲೇಔಟ್‌ನಲ್ಲಿ ಅಲ್ಲಿ ಬರೋದು ಯುರೋ!

ಕನ್ನಡದಲ್ಲೂ ಇದೇ ಗೋಳು. ಕೆ.ಪಿ. ರಾವ್ ವಿನ್ಯಾಸದ ನುಡಿಯಲ್ಲಿ ಎಂ ಒತ್ತಿದರೆ 'ಮ', ಇನ್‌ಸ್ಕ್ರಿಪ್ಟ್‌ನಲ್ಲಿ 'ಸ'. ಎರಡೂ ಇರುವ ಕಂಪ್ಯೂಟರಿನಲ್ಲಿ ಅರ್ಜಿ ಟೈಪ್ ಮಾಡುವ ಮುಂಚೆ ಒಂದಕ್ಷರ ಹೊಡೆದು ನೋಡಿಕೊಳ್ಳಿ.